ಸಹಾಯ ಬೇಕು: ಮಾರಿಸ್ ಮೈನರ್ ಓಡಿಸಿ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಹಳೇ ಮನೆಯ ಶೆಡ್ಡಿನಲ್ಲಿದ್ದ 1958ರ ಮಾರಿಸ್ ಮೈನರ್ 1000 ಕಾರು ಕೊಂಡು ಹೋದ ವಾರ ಮೈಸೂರಿಗೆ ತಂದೆ. ಗಾಡಿ ಚೆನ್ನಾಗಿದೆ. ನನಗೇ ಓಡಿಸೋಕೆ ಬರ್ತಿಲ್ಲ!

ಮೊದಲ ದಿನ ಅರ್ಧ ಗಂಟೆ ಬರೀ ಕೀಲಿ ತಿರುಗಿಸಿದೆ. ಕೆಂಪು ದೀಪ ಬಿಟ್ಟರೆ ಏನೂ ಇಲ್ಲ. ಕೊನೆಗೆ ಪಕ್ಕದ ಮನೆ ತಾತ ಬಂದು ಡ್ಯಾಶ್‌ಬೋರ್ಡಿನ ಒಂದು ಗುಂಡಿ ಹಿಡಿದು ಎಳೆದರು, ಎಂಜಿನ್ ಎದ್ದಿತು. ಹೆಡ್‌ಲೈಟ್ ಬೆಳಕು ತಗ್ಗಿಸೋ ಡಿಪ್ ಸ್ವಿಚ್ ಅಂತೂ ಕ್ಲಚ್ ಪಕ್ಕ ನೆಲದ ಮೇಲಿದೆ, ಕಾಲಲ್ಲಿ ಒತ್ತಬೇಕು.

ಈಗ ತಲೆನೋವು ಚೋಕ್‌ದು, ಅದೇ ತಣ್ಣಗಿರೋ ಎಂಜಿನ್ ಏಳಿಸೋಕೆ ಹೊರಗೆ ಎಳೆಯೋ ಗುಂಡಿ. ಬೇಗ ಒಳಗೆ ತಳ್ಳಿದರೆ ಕುಕ್ಕರಹಳ್ಳಿ ಕೆರೆ ಹತ್ತಿರ ಬರೋಷ್ಟರಲ್ಲಿ ಗಾಡಿ ಆಫ್. ಹಾಗೇ ಬಿಟ್ಟರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಎಷ್ಟು ಹೊತ್ತು ಬಿಡಬೇಕು? ಒಂದೇ ಸಲ ತಳ್ಳೋದಾ, ಸ್ವಲ್ಪ ಸ್ವಲ್ಪವಾಗಿಯಾ?

ಇನ್ನೊಂದು, ಬಾಗಿಲ ಪಕ್ಕದ ಕಂಬದಿಂದ ಕೈಯಂತೆ ಏಳುವ ಇಂಡಿಕೇಟರ್. ಬಲಗಡೆಯದು ಟಕ್ ಅಂತ ಏಳುತ್ತೆ. ಎಡಗಡೆಯದಕ್ಕೆ ಗುದ್ದು ಬೇಕು, ಆಗಲೂ ಉತ್ತರ ಗೊತ್ತಿಲ್ಲದ ಹುಡುಗನ ಥರ ಅರ್ಧ ಕೈ ಎತ್ತುತ್ತೆ. ಎದ್ದರೂ ಹಿಂದಿನ ಸ್ಕೂಟರಿನವರಿಗೆ ಅದೇನಂತ ಅರ್ಥವಾಗಲ್ಲ ಬಿಡಿ.

ಬ್ಯಾಟರಿ ಬೇರೆ ಉಲ್ಟಾ, ಮೈನಸ್ ಬದಲು ಪ್ಲಸ್ ತಂತಿ ಗಾಡಿಯ ಲೋಹದ ಮೈಗೆ ಸೇರಿದೆ. ಒಬ್ಬ ಎಲೆಕ್ಟ್ರಿಷಿಯನ್ ಬದಲಾಯಿಸೋಕೆ ಹೊರಟಿದ್ದರು, ಸದ್ಯ ತಡೆದೆ. ಮೈಸೂರಲ್ಲಿ ಇಂಥ ಗಾಡಿ ಬಲ್ಲ ಮೇಸ್ತ್ರಿ ಯಾರಾದರೂ ಇದ್ದರೆ ತಿಳಿಸಿ. ಭಾನುವಾರ ಮನೆಗೇ ಬಂದು ತೋರಿಸಿಕೊಟ್ಟರೆ ಮಸಾಲೆ ದೋಸೆ, ಕಾಫಿ ನನ್ನ ಲೆಕ್ಕ.