ಪ್ರಾಣಿಗಳಲ್ಲಿ ಸಿಕ್ಕ ಡೋಸ್‌ನಿಂದ ಮನುಷ್ಯರ ಮೊದಲ ಡೋಸ್ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ
ಬಾಯಿಂದ ಕೊಡುವ ಸಣ್ಣ ಅಣುವಿನ ಔಷಧ. ದುಷ್ಪರಿಣಾಮ ಕಾಣದ ಗರಿಷ್ಠ ಡೋಸ್ (ನೋಯಲ್) ಮೌಸ್‌ನಲ್ಲಿ 60, ರ‍್ಯಾಟ್‌ನಲ್ಲಿ 25, ನಾಯಿಯಲ್ಲಿ 5 ಮಿಗ್ರಾಂ/ಕೆಜಿ. ಮೊದಲ ಹಂತದ ಟ್ರಯಲ್ ಎಷ್ಟರಿಂದ ಶುರುವಾಗಬೇಕು? ಆಂಟಿಬಾಡಿಗೂ ಇದೇ ಲೆಕ್ಕ ನಡೆಯುತ್ತದೆಯೇ?

ಉತ್ತರ 1
ಮಿಗ್ರಾಂ/ಕೆಜಿಯನ್ನು ನೇರವಾಗಿ ಮನುಷ್ಯರ ತೂಕದಿಂದ ಗುಣಿಸಬೇಡಿ. ಮೌಸ್‌ನ 60 ಅನ್ನು ಹಾಗೆ ಗುಣಿಸಿದರೆ 60 ಕೆಜಿಯವರಿಗೆ 3,600 ಮಿಗ್ರಾಂ ಆಗುತ್ತದೆ, ಅದು ಅಪಾಯಕಾರಿ. ಚಿಕ್ಕ ಪ್ರಾಣಿ ತನ್ನ ತೂಕಕ್ಕೆ ಹೋಲಿಸಿದರೆ ಔಷಧವನ್ನು ಬೇಗ ಹೊರಹಾಕುತ್ತದೆ. ಅದಕ್ಕೇ ದೇಹದ ಮೇಲ್ಮೈ ವಿಸ್ತೀರ್ಣದ ಆಧಾರದ ಕೆಎಮ್ ಅಂಶ ಬಳಸುವುದು: ಮೌಸ್ 3, ರ‍್ಯಾಟ್ 6, ನಾಯಿ 20, ಮನುಷ್ಯ 37. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಈ ಪಟ್ಟಿ ಇದೆ.

ಪ್ರಾಣಿಯ ಡೋಸ್ × (ಪ್ರಾಣಿಯ ಕೆಎಮ್ ÷ 37). ಮೌಸ್‌ನಿಂದ 4.9, ರ‍್ಯಾಟ್‌ನಿಂದ 4.1, ನಾಯಿಯಿಂದ 2.7 ಮಿಗ್ರಾಂ/ಕೆಜಿ ಬರುತ್ತದೆ. ಬೇರೆ ಪ್ರಾಣಿಯೇ ಮನುಷ್ಯರಿಗೆ ಹೆಚ್ಚು ಹತ್ತಿರ ಎನ್ನಲು ಗಟ್ಟಿ ಪುರಾವೆ ಇಲ್ಲದಿದ್ದರೆ ಅತಿ ಕಡಿಮೆ ಬಂದದ್ದನ್ನೇ ಹಿಡಿಯಿರಿ. 2.7 ಅನ್ನು ಸುರಕ್ಷತಾ ಅಂಶ 10ರಿಂದ ಭಾಗಿಸಿದರೆ 0.27, ಅಂದರೆ 60 ಕೆಜಿಯವರಿಗೆ ಸುಮಾರು 16 ಮಿಗ್ರಾಂ. ಇದು ಗರಿಷ್ಠ ಆರಂಭಿಕ ಡೋಸ್, ಇದಕ್ಕಿಂತ ಕೆಳಗಿನಿಂದ ಹೊರಡಲು ಅಡ್ಡಿಯಿಲ್ಲ.

10 ಎನ್ನುವುದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಡೋಸ್ ಸ್ವಲ್ಪ ಏರಿದರೂ ವಿಷತ್ವ ಥಟ್ಟನೆ ಜಿಗಿಯುವುದಾದರೆ, ಹಾನಿಯ ಮುನ್ಸೂಚನೆ ರಕ್ತಪರೀಕ್ಷೆಯಲ್ಲಿ ಸಿಗದಿದ್ದರೆ, ಅಥವಾ ಹಾನಿ ಸರಿಹೋಗದಂಥದ್ದಾದರೆ ಅದನ್ನು ಹೆಚ್ಚಿಸಲೇಬೇಕು. ಜೊತೆಗೆ ಪ್ಲಾಸ್ಮಾ ಪ್ರೋಟೀನ್‌ಗೆ ಅಂಟಿಕೊಳ್ಳದೆ ಮುಕ್ತವಾಗಿರುವ ಔಷಧದ ಪ್ರಮಾಣವನ್ನು ಪ್ರತಿ ಪ್ರಾಣಿಯಲ್ಲೂ ಹೋಲಿಸಿ. ನಾಯಿಯಲ್ಲಿ 10% ಮುಕ್ತವಾಗಿದ್ದು ಮನುಷ್ಯರಲ್ಲಿ 30% ಆದರೆ, ಒಟ್ಟು ಸಾಂದ್ರತೆ ಒಂದೇ ಇದ್ದರೂ ಪರಿಣಾಮ ಮೂರು ಪಟ್ಟಾಗಬಹುದು.

ಉತ್ತರ 2
ಆಂಟಿಬಾಡಿಗೆ ಕೆಎಮ್ ಬೇಡ. ರಕ್ತನಾಳಕ್ಕೆ ಕೊಡುವ, 1,00,000 ಡಾಲ್ಟನ್‌ಗಿಂತ ದೊಡ್ಡ ಪ್ರೋಟೀನ್‌ಗಳಿಗೆ ಮಿಗ್ರಾಂ/ಕೆಜಿಯನ್ನೇ ಹೋಲಿಸುತ್ತಾರೆ. ಆದರೆ ಪ್ರತಿರಕ್ಷಣಾ ಕೋಶಗಳನ್ನು ಕೆರಳಿಸುವ ಆಂಟಿಬಾಡಿಯಾದರೆ ನೋಯಲ್ ಒಂದನ್ನೇ ನಂಬಿ ಹೋಗುವುದು ತಪ್ಪು.

2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 (ಪ್ರತಿರಕ್ಷಣೆಯ ಟಿ ಕೋಶಗಳ ಮೇಲಿನ ಸಿಡಿ28 ಗ್ರಾಹಕಕ್ಕೆ ಅಂಟಿ ಅವನ್ನು ಕೆರಳಿಸುವ ಆಂಟಿಬಾಡಿ) ಪಡೆದ ಆರೂ ಸ್ವಯಂಸೇವಕರಿಗೆ ಸೈಟೊಕೈನ್ ಬಿರುಗಾಳಿ (ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನ್‌ಗಳ ಪ್ರವಾಹ) ಎದ್ದು ಬಹು ಅಂಗಾಂಗ ವೈಫಲ್ಯವಾಯಿತು. ಕೊಟ್ಟದ್ದು 0.1 ಮಿಗ್ರಾಂ/ಕೆಜಿ. ಮಂಗಗಳು 50 ಮಿಗ್ರಾಂ/ಕೆಜಿ ತಡೆದುಕೊಂಡಿದ್ದವು. ಅಂದರೆ 500 ಪಟ್ಟು ಕಡಿಮೆ! ಆ ಮಂಗಗಳ ಸಿಡಿ4 ಎಫೆಕ್ಟರ್ ಮೆಮೊರಿ ಕೋಶಗಳ (ಒಂದು ಬಗೆಯ ಟಿ ಕೋಶ) ಮೇಲೆ ಸಿಡಿ28 ಇರುವುದಿಲ್ಲ, ಮನುಷ್ಯರಲ್ಲಿ ಇರುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಇಂಥಲ್ಲಿ ಮೇಬೆಲ್ ವಿಧಾನ, ಅಂದರೆ ಜೈವಿಕ ಪರಿಣಾಮ ಕಾಣಬಹುದಾದ ಕನಿಷ್ಠ ಮಟ್ಟದಿಂದ ಹೊರಡುವುದು. ಗ್ರಾಹಕ ತುಂಬುವ ಪಾಲು = ಸಾಂದ್ರತೆ ÷ (ಸಾಂದ್ರತೆ + ಕೆಡಿ). ಕೆಡಿ ಎಂದರೆ ಅರ್ಧದಷ್ಟು ಗ್ರಾಹಕಗಳು ತುಂಬುವ ಸಾಂದ್ರತೆ. ಟಿಜಿಎನ್1412ರ ಆ ಡೋಸ್ 70 ಕೆಜಿಯವರಿಗೆ 7 ಮಿಗ್ರಾಂ, 2.5 ಲೀಟರ್ ಪ್ಲಾಸ್ಮಾದಲ್ಲಿ ಸುಮಾರು 19 ನ್ಯಾನೊಮೋಲಾರ್. ಕೆಡಿ 1.9 ನ್ಯಾನೊಮೋಲಾರ್ ಎಂದಿಟ್ಟರೆ 91% ಗ್ರಾಹಕಗಳು ಮೊದಲ ಡೋಸ್‌ಗೇ ಭರ್ತಿ. 10%ಕ್ಕೆ ಮಿತಿಗೊಳಿಸಿದ್ದರೆ ಡೋಸ್ 0.001 ಮಿಗ್ರಾಂ/ಕೆಜಿ ಆಗುತ್ತಿತ್ತು, ಕೊಟ್ಟದ್ದರ ನೂರರಲ್ಲಿ ಒಂದು ಭಾಗ. ಕಾಗದದ ಮೇಲೆ ಐದು ನಿಮಿಷದ ಈ ಲೆಕ್ಕವನ್ನು ಯಾರೂ ಬಿಡಬಾರದು. ಇನ್ನೊಂದು ಮಾತು: ಅಂದು ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕೊಟ್ಟಿದ್ದರು. ಮೊದಲು ಒಬ್ಬರಿಗೆ ಮಾತ್ರ ಕೊಟ್ಟು, ಕಾದು ನೋಡಿ, ಆಮೇಲೆ ಉಳಿದವರಿಗೆ ಕೊಡಿ.

ಮರುಪ್ರಶ್ನೆ
ಲಿಪಿಡ್ ನ್ಯಾನೊಕಣದಲ್ಲಿ (ಕೊಬ್ಬಿನ ಅತಿ ಸಣ್ಣ ಕಣ) ಹೋಗುವ, ಜೀನ್ ತಿದ್ದುವ ಕ್ರಿಸ್ಪರ್ ಚಿಕಿತ್ಸೆಗೆ?

ಉತ್ತರ 3
ಅಲ್ಲಿ ಎರಡು ವಿಷತ್ವ ಬೇರೆ ಬೇರೆ: ಕಣದ್ದು ಮತ್ತು ಜೀನ್ ತಿದ್ದುವಿಕೆಯದು. ಕಣದ್ದನ್ನು ಪ್ರಾಣಿಗಳಲ್ಲಿ ಅಳೆಯಬಹುದು. ಯಕೃತ್ತಿನ ಕಿಣ್ವಗಳು, ಸೈಟೊಕೈನ್‌ಗಳು, ಕಾಂಪ್ಲಿಮೆಂಟ್ (ರಕ್ತದಲ್ಲಿನ ಪ್ರತಿರಕ್ಷಣಾ ಪ್ರೋಟೀನ್‌ಗಳು) ನೋಡಿ. ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಗೈಡ್ ಆರ್‌ಎನ್‌ಎ ಮಾತ್ರ ಮನುಷ್ಯರ ಡಿಎನ್‌ಎ ಸರಣಿಗೆ ಹೊಂದಿಸಿದ್ದು, ಮೌಸ್‌ನಲ್ಲಿ ಆ ಸರಣಿಯೇ ಇರದಿರಬಹುದು. ಆಗ ಮೌಸ್‌ಗೆ ಬದಲಿ ಗೈಡ್ ಬೇಕು. ಬೇಡದ ಕಡೆ ಕತ್ತರಿಸುತ್ತದೆಯೇ ಎಂಬುದನ್ನು ಮಾನವ ಯಕೃತ್ ಕೋಶಗಳಲ್ಲೇ ನೋಡಬೇಕು.

ಅಳತೆಗೆ ಒಂದು ನಿದರ್ಶನ: 2021ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡೋಸಿಸ್‌ಗೆ (ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನ್ ಅಂಗಗಳಲ್ಲಿ ಶೇಖರವಾಗುವ ರೋಗ) ಎನ್‌ಟಿಎಲ್‌ಎ-2001 ಎಂಬ ಇಂಥದ್ದೇ ಕ್ರಿಸ್ಪರ್ ಔಷಧ ಕೊಟ್ಟಾಗ, 28ನೇ ದಿನ ಆ ಪ್ರೋಟೀನ್ 0.1 ಮಿಗ್ರಾಂ/ಕೆಜಿಗೆ ಸರಾಸರಿ 52%, 0.3ಕ್ಕೆ 87% ಇಳಿಯಿತು. ಡೋಸ್ ಮೂರೇ ಪಟ್ಟು ಏರಿದ್ದು. ಹಾಗಾಗಿ ಹಂತಗಳನ್ನು ಹತ್ತಿರ ಹತ್ತಿರ ಇಡಿ. ಒಮ್ಮೆ ತಿದ್ದಿದ ಜೀನ್ ವಾಪಸ್ ಬರುವುದಿಲ್ಲ, ಆದ್ದರಿಂದ ಸಣ್ಣ ಅಣುವಿನಂತೆ "ನಿಲ್ಲಿಸಿದರೆ ಸರಿಹೋಗುತ್ತದೆ" ಎಂಬ ಆಸರೆ ಇಲ್ಲಿಲ್ಲ. ನ್ಯಾನೊಕಣದ ಬದಲು ಎಎವಿ ಎಂಬ ವೈರಸ್ ವಾಹಕವಾದರೆ, ದೇಹ ಅದರ ವಿರುದ್ಧ ತಯಾರಿಸುವ ತಟಸ್ಥಗೊಳಿಸುವ ಪ್ರತಿಕಾಯಗಳಿಂದಾಗಿ ಎರಡನೇ ಡೋಸ್ ಬಹುತೇಕ ಅಸಾಧ್ಯ. ನ್ಯಾನೊಕಣದಲ್ಲಿ ಅದು ಸಾಧ್ಯ. 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿಪಿಎಸ್1 ಕೊರತೆಯ (ರಕ್ತದಲ್ಲಿ ಅಮೋನಿಯ ಏರುವ ಆನುವಂಶಿಕ ರೋಗ) ಮಗುವಿಗೆಂದೇ ತಯಾರಿಸಿದ ಬೇಸ್ ಎಡಿಟರನ್ನು (ಡಿಎನ್‌ಎಯ ಒಂದೇ ಅಕ್ಷರ ಬದಲಿಸುವ ಕ್ರಿಸ್ಪರ್ ರೂಪ) ಮೊದಲು 0.1, ಆಮೇಲೆ 0.3 ಮಿಗ್ರಾಂ/ಕೆಜಿ ಕೊಟ್ಟದ್ದು ಹೀಗೆಯೇ.