ಹೊಟ್ಟೆನೋವು, ಭೇದಿ, ರಕ್ತದಲ್ಲಿ ಇಯೋಸಿನೋಫಿಲ್ ಜಾಸ್ತಿ. ಏನಿರಬಹುದು?

ಗದ್ದೆಬದು (ಮಂಡ್ಯ):
ನಮ್ಮಪ್ಪನಿಗೆ 58 ವರ್ಷ. ಎರಡು ತಿಂಗಳಿಂದ ಹೊಟ್ಟೆ ಹಿಂಡಿದ ಹಾಗೆ ನೋವು, ದಿನಕ್ಕೆ ನಾಲ್ಕೈದು ಸಲ ಭೇದಿ. ಜ್ವರ ಇಲ್ಲ, ರಕ್ತ ಹೋಗುತ್ತಿಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವರು ಈಗ ಅರ್ಧಕ್ಕೇ ಕೈ ತೊಳೆಯುತ್ತಾರೆ. ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ 18 ಪರ್ಸೆಂಟ್, ಲೆಕ್ಕದಲ್ಲಿ 1,900. ಮೋಷನ್ ಟೆಸ್ಟ್ ಒಂದು ಸಲ ಆಯ್ತು, ಏನೂ ಸಿಗಲಿಲ್ಲ. ಹುಳಕ್ಕೆ ಕೊಡೋ ಅಲ್ಬೆಂಡಜೋಲ್ ಒಂದು ಮಾತ್ರೆನೂ ನುಂಗಿದ್ದಾರೆ. ಈಗ ಒಬ್ಬ ಡಾಕ್ಟರು ಅಲರ್ಜಿ ಇರಬೇಕು, ಸ್ಟೀರಾಯ್ಡ್ ಕೊಟ್ಟು ನೋಡೋಣ ಅಂದಿದ್ದಾರೆ. ಶುರು ಮಾಡಬಹುದಾ?

ಕಾಫಿಲೋಟ:
ಅಮೀಬಾ ಇರುತ್ತೆ ಬಿಡಿ. ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಇದೇ ಕಥೆ.

ಲ್ಯಾಬ್‌ನೋನು (ಮೈಸೂರು):
ಅಮೀಬಾ, ಜಿಯಾರ್ಡಿಯಾದಿಂದ ಸಾಮಾನ್ಯವಾಗಿ ಇಯೋಸಿನೋಫಿಲ್ ಏರಲ್ಲ ಸಾರ್. 500ರ ಒಳಗಿರಬೇಕಾದ್ದು 1,900 ಇದ್ದರೆ ಮೊದಲು ನೆನಪಾಗಬೇಕಾದ್ದು ಹುಳ. ಕೊಕ್ಕೆಹುಳ ಇರಬಹುದು, ಸ್ಟ್ರಾಂಜಿಲಾಯ್ಡಿಸ್ ಇರಬಹುದು. ಎರಡೂ ಒದ್ದೆ ಮಣ್ಣಿಂದ ಬರಿಗಾಲಿನ ಚರ್ಮ ತೂರಿಕೊಂಡು ಒಳಗೆ ಬರುತ್ತವೆ. ಈ ಎರಡನೆಯದು ಸ್ವಲ್ಪ ಕಿಲಾಡಿ, ಒಳಗೇ ಮರಿ ಹಾಕಿ ಅಲ್ಲೇ ಮತ್ತೆ ಅಂಟಿಕೊಂಡು ಹತ್ತಾರು ವರ್ಷ ಸುಮ್ನೆ ಇದ್ದುಬಿಡುತ್ತೆ. ಒಂದು ಸಲದ ಮೋಷನ್ ಟೆಸ್ಟ್‌ನಲ್ಲಿ ಎಷ್ಟೋ ಸಲ ಸಿಗಲ್ಲ, ಬೇರೆ ಬೇರೆ ದಿನ ಮೂರು ಸಲವಾದರೂ ನೋಡಬೇಕು, ಜೊತೆಗೆ ರಕ್ತದ ಆಂಟಿಬಾಡಿ ಟೆಸ್ಟ್. ಒಂದೇ ಅಲ್ಬೆಂಡಜೋಲ್‌ಗೂ ಅದು ಜಗ್ಗಲ್ಲ, ಐವರ್ಮೆಕ್ಟಿನ್ ಬೇಕು, ಅದನ್ನು ಡಾಕ್ಟರೇ ಬರೆದುಕೊಡಲಿ. ಈ ಹುಳ ಇಲ್ಲ ಅಂತ ಗೊತ್ತಾಗೋವರೆಗೆ ಸ್ಟೀರಾಯ್ಡ್ ಮಾತ್ರ ಬೇಡ ಅಂತ ಕೇಳಿಕೊಳ್ಳಿ. ಹುಳ ಇದ್ದೋರಿಗೆ ಅದನ್ನು ಕೊಟ್ಟರೆ ಮರಿಗಳು ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು. ಅಪ್ಪ ಗದ್ದೆಗೆ ಇಳಿಯುತ್ತಾರಾ? ಸೊಂಟದ ಹತ್ತಿರ ಕೆರೆತ ಏನಾದರೂ?

ಮೂರನೇಕ್ರಾಸ್ (ಮೈಸೂರು):
ನನಗೂ ಹೀಗೇ ಆಗಿತ್ತು, ಆದರೆ ಹುಳ ಅಲ್ಲ. ಕರುಳಿನ ಗೋಡೆಯಲ್ಲೇ ಇಯೋಸಿನೋಫಿಲ್ ತುಂಬಿಕೊಳ್ಳೋ ಕಾಯಿಲೆ. ಮೊದಲ ಎಂಡೋಸ್ಕೋಪಿಯಲ್ಲಿ ಒಂದೇ ಚೂರು ತೆಗೆದು ಎಲ್ಲಾ ಸರಿ ಇದೆ ಅಂದರು. ಅದು ಅಲ್ಲೊಂದು ಇಲ್ಲೊಂದು ಕಡೆ ಇರುತ್ತಂತೆ. ಎರಡನೇ ಸಲ ಏಳೆಂಟು ಕಡೆ ಚೂರು ತೆಗೆದಾಗ ಗೊತ್ತಾಯ್ತು. ಇದಕ್ಕೆ ಸ್ಟೀರಾಯ್ಡೇ ಔಷಧಿ, ನಿಜ. ಆದರೆ ನನಗೂ ಮೊದಲು ಹುಳದ ಟೆಸ್ಟ್ ಎಲ್ಲಾ ಮುಗಿಸಿದ ಮೇಲೇ ಕೊಟ್ಟಿದ್ದು. ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದರಾ ಅಂತಲೂ ಕೇಳಿ, ಕೆಲವು ಮಾತ್ರೆಗೂ ಹೀಗಾಗುತ್ತೆ.

ಗದ್ದೆಬದು (ಮಂಡ್ಯ):
ಹೊಸ ಮಾತ್ರೆ ಇಲ್ಲ. ಗದ್ದೆ ಅಂದರೆ, ನಾಲೆಗೆ ನೀರು ಬಿಟ್ಟರೆ ಸಾಕು, ಅವರು ಮನೆಯಲ್ಲಿ ಸಿಗಲ್ಲ. ಚಪ್ಪಲಿ ಬದುವಿನ ಮೇಲೆ, ಕಾಲು ಕೆಸರಲ್ಲಿ. ಕೆರೆತ ಕೇಳಿದ್ದಕ್ಕೆ ಅಮ್ಮನೇ ಹೇಳಿದರು, ಸೊಂಟದ ಕೆಳಗೆ ಕೆಂಪು ಗೆರೆ ಏಳುತ್ತಂತೆ, ಬೆಳಿಗ್ಗೆ ಒಂದು ಕಡೆ ಇದ್ದದ್ದು ಮಧ್ಯಾಹ್ನಕ್ಕೆ ನಾಲ್ಕು ಬೆರಳು ಆಚೆ. ಹುಳಕಡ್ಡಿ ಅಂತ ಮುಲಾಮು ಹಚ್ಚುತ್ತಿದ್ದರಂತೆ!

ಲ್ಯಾಬ್‌ನೋನು (ಮೈಸೂರು):
ಹುಳಕಡ್ಡಿ ಹಾಗೆ ಓಡಾಡಲ್ಲ. ಈ ಗೆರೆ ವಿಷಯ ತಪ್ಪದೆ ಡಾಕ್ಟರಿಗೆ ಹೇಳಿ, ಸಾಧ್ಯವಾದರೆ ಫೋಟೊ ತೆಗೆದು ತೋರಿಸಿ.

ಗದ್ದೆಬದು (ಮಂಡ್ಯ):
ಸೋಮವಾರ ಮೈಸೂರಿಗೆ ಕರೆದುಕೊಂಡು ಬರುತ್ತಿದ್ದೇನೆ. ಸ್ಟೀರಾಯ್ಡ್ ಚೀಟಿ ನನ್ನ ಜೇಬಲ್ಲೇ ಇದೆ, ಮಾತ್ರೆ ತಂದಿಲ್ಲ. ಮೂರು ದಿನ ಡಬ್ಬಿ ಕೊಡಬೇಕು ಅಂದಿದ್ದಕ್ಕೆ ಅಪ್ಪ ಮಾತು ಬಿಟ್ಟಿದ್ದಾರೆ.