ಅಪ್‌ಡೇಟ್: ಕ್ವಾರಂಟೈನ್ ಸೆಲ್ಫಿ ಕಳುಹಿಸಿದರೂ ಬರುತ್ತಿದ್ದ ಕರೆಗಳ ಬಗ್ಗೆ
ದುಬೈಯಿಂದ 2020ರ ಮಾರ್ಚ್‌ನಲ್ಲಿ ಮೈಸೂರಿಗೆ ಮರಳಿ, ಕೊರೊನಾ ಕಾರಣಕ್ಕೆ ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದ ನನ್ನ ತಮ್ಮ, ಮನೆಯಲ್ಲೇ ಇರುವುದನ್ನು ಖಚಿತಪಡಿಸಿಕೊಳ್ಳಲು ರಾಜ್ಯ ಸರ್ಕಾರ ತಂದಿದ್ದ ‘ಕ್ವಾರಂಟೈನ್ ವಾಚ್’ ಆ್ಯಪ್‌ನಲ್ಲಿ ಗಂಟೆಗೊಂದು ಸೆಲ್ಫಿ ಕಳುಹಿಸಿದರೂ, ಆತ ಮನೆಯಲ್ಲಿಲ್ಲವೆಂದು ಕರೆ ಬರುತ್ತಿದ್ದುದೇಕೆ ಎಂದು ಕೇಳಿದ್ದೆ.

ನಿಮ್ಮಲ್ಲೊಬ್ಬರು ಊಹಿಸಿದಂತೆ ದೋಷವಿದ್ದದ್ದು ಸ್ಥಳದ ಮಾಹಿತಿಯಲ್ಲಿ. ಚಿತ್ರದೊಂದಿಗೆ ಜಿಪಿಎಸ್ ವಿವರವೂ ಹೋಗುತ್ತಿದ್ದುದರಿಂದ, ತಾರಸಿಯ ಕೆಳಗಿನ ಒಳಕೋಣೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗದೆ, ಆತ ಎರಡು ಬೀದಿ ಆಚೆ ಇರುವಂತೆ ತೋರುತ್ತಿತ್ತು. ಆಮೇಲೆ ಕಿಟಕಿಯ ಬಳಿ ನಿಂತು ತೆಗೆಯತೊಡಗಿದ, ಕರೆಗಳು ನಿಂತವು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ವಿನಾಯಿತಿಯಿದ್ದುದರಿಂದ ನಿದ್ದೆಗೂ ತೊಂದರೆಯಿರಲಿಲ್ಲ.

ಪರಿಶೀಲನೆಗೆ ಬಂದ ಆಶಾ ಕಾರ್ಯಕರ್ತೆಯವರು ಗೇಟಿನಾಚೆಯೇ ನಿಂತು, ತಮ್ಮನ ಮುಂಗೈ ಮೇಲಿನ ಕ್ವಾರಂಟೈನ್ ಮುದ್ರೆಯನ್ನು ನೋಡಿ, ಜ್ವರ, ಕೆಮ್ಮು ಇದೆಯೇ ಎಂದು ವಿಚಾರಿಸಿ ಬರೆದುಕೊಂಡರು. ಸುಳ್ಳು ಸೆಲ್ಫಿ ಕಳುಹಿಸಿದವರನ್ನು ಸಾಮೂಹಿಕ ಕ್ವಾರಂಟೈನ್‌ಗೆ ಒಯ್ಯುವ ನಿಯಮವಿದ್ದುದರಿಂದ ನಮಗೆ ನಿಜಕ್ಕೂ ಆತಂಕವಾಗಿತ್ತು. ಆಗ ಕ್ವಾರಂಟೈನ್‌ನ 14 ದಿನಗಳಲ್ಲಿ ಇನ್ನು ಮೂರು ಉಳಿದಿದ್ದವು. ಮುದ್ರೆಯ ಶಾಯಿ ಮಾತ್ರ, ಅಮ್ಮ ಎಷ್ಟು ಗೊಣಗಿದರೂ, ಮಾಸಿರಲಿಲ್ಲ.